ಆ ಮುದುಕ ಏನಾದ?

1871ರಲ್ಲಿ ಕನ್ನಡದಲ್ಲೊಂದು ಪುಸ್ತಕ ಬಂದಿತು. ಅದರ ಹೆಸರು ‘ನಗದವರನ್ನು ನಗಿಸುವ ಕಥೆ’. ಎಂಥ ಧೈರ್ಯದ ಹೆಸರು! ನಗುವವರನ್ನು ನಗಿಸುವುದು ದೊಡ್ಡ ಮಾತಲ್ಲ. ಗಂಟುಮೋರೆಯವರನ್ನೇ ಪಂಥಕ್ಕೆ ಕರೆಯುವ ಹೆಸರಿದು. ಬರೆದವರು ಧಾರವಾಡದ ಚನ್ನಬಸಪ್ಪನವರು. ವಿದ್ಯಾ ಇಲಾಖೆಯಲ್ಲಿ ಡೆಪ್ಯೂಟಿ ಇನ್ಸ್‌ಪೆಕ್ಟರಾಗಿದ್ದುದರಿಂದ ಹುದ್ದೆಯೇ ಹೆಸರಿಗೆ ಅಂಟಿಕೊಂಡು ಡೆಪ್ಯೂಟಿ ಚನ್ನಬಸಪ್ಪನವರೆಂದೇ ಪ್ರಸಿದ್ಧರಾದರು. ಮರಾಠಿ ಶಾಲೆಗಳ ನೆರಳಿನಲ್ಲಿ ಬಾಡುತ್ತಿದ್ದ ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳು ಬೇರುಬಿಡುವಂತೆ ದುಡಿದವರಲ್ಲಿ ಅವರು ಮುಖ್ಯರು. ಶಾಲೆ ತೆರೆದರೆ ಸಾಲದು, ಓದಲು ಪುಸ್ತಕ ಬೇಕು. ಬರೀ ಪಾಠದ ಪುಸ್ತಕ ಸಾಲದು, ಓದಿನ ರುಚಿ ಹತ್ತಿಸುವ ಪುಸ್ತಕವೂ ಬೇಕು. ಆ ರುಚಿಗಾಗಿ ಅವರು ಆರಿಸಿಕೊಂಡದ್ದು ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’. ಶೇಕ್ಸ್‌ಪಿಯರ್ ಕನ್ನಡಕ್ಕೆ ಬಂದದ್ದು ಇದೇ ಮೊದಲೆಂದು ನಮ್ಮ ಸಾಹಿತ್ಯ ಚರಿತ್ರೆಕಾರರು ಹೇಳುತ್ತಾರೆ. ಹ್ಯಾಮ್ಲೆಟ್ ಅಲ್ಲ, ಒಥೆಲೋ ಅಲ್ಲ. ಎರಡು ಜೊತೆ ಅವಳಿಗಳ ಗೊಂದಲದ ಕಥೆ ಮೊದಲು ನಮ್ಮ ಬಾಗಿಲು ತಟ್ಟಿತು.

ಈ ನಾಟಕವನ್ನು ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಓದಿದ್ದೇನೆ, ಓದಿಸಿದ್ದೇನೆ. ಇಂಗ್ಲಿಷ್ ಕಲಿಸುವ ಮೇಷ್ಟರಾಗಿ ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊಪ್ಪಳ ಹೀಗೆ ನಾಲ್ಕು ತಾಲೂಕುಗಳಲ್ಲಿ ವರ್ಗದಿಂದ ವರ್ಗಕ್ಕೆ ತಿರುಗಿದವನು ನಾನು. ಹೋದಲ್ಲೆಲ್ಲ ಈ ಕಥೆಯನ್ನು ಕನ್ನಡದಲ್ಲಿ ಹೇಳುವುದು ನನಗೊಂದು ಚಟವಾಗಿತ್ತು. ಕೇಳಿದವರೆಲ್ಲ ನಕ್ಕರು. ಆದರೆ ನಗುತ್ತ ನಗುತ್ತ ಅವರು ಕೇಳಿದ ಪ್ರಶ್ನೆಗಳು ವಿಮರ್ಶೆಯ ಗ್ರಂಥಗಳಲ್ಲಿ ನನಗೆ ಸಿಕ್ಕಿರಲಿಲ್ಲ. ಆ ಪ್ರಶ್ನೆಗಳ ಚರಿತ್ರೆಯನ್ನು ಇಲ್ಲಿ ಬರೆಯಬೇಕೆಂದಿದ್ದೇನೆ.

ಕಥೆ ಮರೆತವರಿಗಾಗಿ ನಾಲ್ಕು ಮಾತು. ಸಿರಕ್ಯೂಸ್, ಎಫಿಸಸ್ ಎಂಬ ಎರಡು ಪಟ್ಟಣಗಳಿಗೆ ವೈರ. ಇಲ್ಲಿಯವನು ಅಲ್ಲಿ ಕಾಣಿಸಿಕೊಂಡರೆ, ಅಲ್ಲಿಯವನು ಇಲ್ಲಿ ಕಾಣಿಸಿಕೊಂಡರೆ ಮರಣದಂಡನೆ. ಇಲ್ಲವೆ ಸಾವಿರ ಮಾರ್ಕು ದಂಡ. ಸಿರಕ್ಯೂಸಿನ ಮುದಿ ವರ್ತಕ ಈಜಿಯನ್ ಎಫಿಸಸ್ಸಿನಲ್ಲಿ ಸಿಕ್ಕಿಬೀಳುತ್ತಾನೆ. ಅವನ ಸ್ವತ್ತೆಲ್ಲ ಕೂಡಿಸಿದರೂ ನೂರು ಮಾರ್ಕು ಆಗದು. ಹಿಂದೆ ಹಡಗು ಒಡೆದು ಅವನ ಸಂಸಾರ ಎರಡು ಪಾಲಾಗಿತ್ತು. ಹೆಂಡತಿ, ಅವಳಿ ಮಕ್ಕಳಲ್ಲಿ ಒಬ್ಬ, ಅವಳಿ ಆಳುಮಕ್ಕಳಲ್ಲಿ ಒಬ್ಬ ಒಂದು ಕಡೆ. ತಾನು, ಉಳಿದಿಬ್ಬರು ಇನ್ನೊಂದು ಕಡೆ. ತನ್ನ ಬಳಿ ಬೆಳೆದ ಮಗ ಹದಿನೆಂಟು ತುಂಬಿದಾಗ ಅಣ್ಣನನ್ನು ಹುಡುಕಿಕೊಂಡು ಹೋದ. ಅವನನ್ನು ಹುಡುಕುತ್ತ ಮುದುಕ ಇಲ್ಲಿಗೆ ಬಂದ. ಮನಮರುಗಿದ ಅರಸು ಸಂಜೆಯತನಕ ಗಡುವು ಕೊಡುತ್ತಾನೆ. ಇಷ್ಟಾದ ಮೇಲೆ ನಗೆ ಶುರು. ಊರಲ್ಲಿ ಒಂದೇ ರೂಪದ, ಒಂದೇ ಹೆಸರಿನ ಇಬ್ಬರು ಧಣಿಗಳು, ಇಬ್ಬರು ಆಳುಗಳು. ಒಬ್ಬನ ಊಟ ಇನ್ನೊಬ್ಬನಿಗೆ, ಒಬ್ಬನ ಬಂಗಾರದ ಸರ ಇನ್ನೊಬ್ಬನ ಕೊರಳಿಗೆ, ಒಬ್ಬನ ತಪ್ಪಿಗೆ ಇನ್ನೊಬ್ಬನ ಬೆನ್ನಿಗೆ ಪೆಟ್ಟು. ಮನೆಯ ಯಜಮಾನನೇ ಬಾಗಿಲ ಹೊರಗೆ, ಯಾರೋ ಪರದೇಶಿ ಒಳಗೆ ಊಟಕ್ಕೆ. ಕಡೆಗೆ ಯಜಮಾನನಿಗೆ ಹುಚ್ಚು ಹಿಡಿದಿದೆಯೆಂದು ಕಟ್ಟಿಹಾಕಿ, ದೆವ್ವ ಬಿಡಿಸುವವನನ್ನು ಕರೆಸುತ್ತಾರೆ.

ಈ ನಾಟಕ ಆಡಿದ್ದಕ್ಕೆ ನಮಗೆ ಸಿಗುವ ಅತಿ ಹಳೆಯ ದಾಖಲೆ 1594ರ ಡಿಸೆಂಬರ್ 28ರದು. ಸ್ಥಳ ಲಂಡನ್ನಿನ ಗ್ರೇಸ್ ಇನ್, ವಕೀಲಿ ಕಲಿಯುವವರ ವಿದ್ಯಾಲಯ. ಆ ರಾತ್ರಿ ಅತಿಥಿಗಳ ನೂಕುನುಗ್ಗಲು ಎಷ್ಟಾಯಿತೆಂದರೆ, ಕರೆಸಿಕೊಂಡಿದ್ದ ಇನ್ನೊಂದು ವಿದ್ಯಾಲಯದ ಗಣ್ಯರು ಮುನಿಸಿಕೊಂಡು ಎದ್ದುಹೋದರು. ಆಮೇಲೆ ನಾಟಕ ನಡೆಯಿತು. ಗೊಂದಲದಲ್ಲಿ ಮೊದಲಾಗಿ ಗೊಂದಲದಲ್ಲಿ ಮುಗಿದ ಆ ರಾತ್ರಿಗೆ ‘ತಪ್ಪುಗಳ ರಾತ್ರಿ’ ಎಂದೇ ಹೆಸರು ಬಿದ್ದಿತು. ಇದಕ್ಕೆಲ್ಲ ಯಾರೋ ಮಾಟಗಾರನೇ ಕಾರಣವೆಂದು ಆ ವಕೀಲರು ಆಮೇಲೆ ತಮಾಷೆಯ ವಿಚಾರಣೆಯನ್ನೂ ನಡೆಸಿದರಂತೆ. ನಾಟಕದೊಳಗಿನ ಜನರಂತೆ ನೋಡಿದವರೂ ಮಾಟದ ಮೇಲೆ ಹಾಕಿದರು! ಬಂದವರಲ್ಲಿ ಯಾರಾದರೂ ಮುದಿ ವರ್ತಕನಿಗಾಗಿ ಮರುಗಿದರೆಂಬ ಮಾತು ಆ ವೃತ್ತಾಂತದಲ್ಲಿಲ್ಲ.

ಓದುವ ಪಂಡಿತರ ಕೈಗೆ ಬಂದಾಗಲೂ ಈ ನಾಟಕದ ಅದೃಷ್ಟ ಹೆಚ್ಚು ಬೆಳಗಲಿಲ್ಲ. 1623ರಲ್ಲಿ ಅಚ್ಚಾದ ದೊಡ್ಡ ಸಂಪುಟದಲ್ಲಿ ಅದೂ ಸೇರಿತು. ಶೇಕ್ಸ್‌ಪಿಯರನ ನಾಟಕಗಳಲ್ಲೆಲ್ಲ ಚಿಕ್ಕದು. ರೋಮಿನ ಪ್ಲಾಟಸ್ ಕವಿಯ ಅವಳಿಗಳ ನಾಟಕದಿಂದ ಕಥೆಯನ್ನು ತೆಗೆದುಕೊಂಡದ್ದರಿಂದ ಹ್ಯಾಜ್ಲಿಟ್ ಇದನ್ನು ಅಷ್ಟಾಗಿ ಮೆಚ್ಚಲಿಲ್ಲ. ಕೋಲ್‌ರಿಜ್ ಇದು ಅಪ್ಪಟ ಪ್ರಹಸನವೆಂದ. ಪ್ರಹಸನಕ್ಕೆ ಅಸಂಭವದ ಪರವಾನಗಿ ಇರುತ್ತದೆ, ಒಂದು ಜೊತೆ ಅವಳಿಗಳ ಬದಲು ಎರಡು ಜೊತೆ ಇಟ್ಟರೂ ನಡೆಯುತ್ತದೆ ಎಂದು ಸಮರ್ಥಿಸಿದ. ಸಮರ್ಥನೆಯೇನೋ ನಿಜ. ಆದರೆ ಮೆಚ್ಚಿದವರೂ ಮೆಚ್ಚದವರೂ ತೂಗಿದ್ದು ನಗೆಯನ್ನೇ. ಮೊದಲ ದೃಶ್ಯದ ಮುದುಕ ಕಥೆ ಹೇಳಲು ಬಂದವನು, ಹೇಳಿ ಹೋದ, ಮುಗಿಯಿತು ಎಂಬಂತೆ ಬಹಳ ಕಾಲ ಓದು ನಡೆಯಿತು.

ನಮ್ಮ ದೇಶಕ್ಕೆ ಬಂದಾಗ ಏನಾಯಿತು? 1869ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಬಂಗಾಳಿಯಲ್ಲಿ ಇದನ್ನು ‘ಭ್ರಾಂತಿವಿಲಾಸ’ ಎಂದು ಗದ್ಯದ ಉಪಾಖ್ಯಾನವಾಗಿ ಬರೆದರು. ಎಫಿಸಸ್ ಜಯಸ್ಥಲವಾಯಿತು, ಸಿರಕ್ಯೂಸ್ ಹೇಮಕೂಟವಾಯಿತು, ಈಜಿಯನ್ ಸೋಮದತ್ತನಾದ, ಅವಳಿ ಧಣಿಗಳು ಚಿರಂಜೀವರಾದರು, ಆಳುಗಳು ಕಿಂಕರರಾದರು. ವಿಧವೆಯರ ಮರುಮದುವೆಗಾಗಿ ಹೋರಾಡಿದ ಆ ಗಂಭೀರ ಪುರುಷರು ನಗೆಯ ಕಥೆಯನ್ನು ಬರೆಯುವಾಗಲೂ ಎರಡು ರಾಜ್ಯಗಳ ಹಗೆಯಿಂದ, ಆ ಕ್ರೂರ ಕಾನೂನಿನಿಂದಲೇ ಕಥೆಯನ್ನು ಮೊದಲು ಮಾಡಿದರು. ಕೊಳ್ಳೇಗಾಲದ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು, ಆ ‘ಭ್ರಾಂತಿವಿಲಾಸ’ವನ್ನು 1876ರ ಹೊತ್ತಿಗೆ ಕನ್ನಡಕ್ಕೆ ತಂದರು. ಹೀಗೆ ಐದಾರು ವರ್ಷಗಳ ಅಂತರದಲ್ಲಿ ಒಂದೇ ನಾಟಕ ಕನ್ನಡದಲ್ಲಿ ಎರಡು ಸಲ ಹುಟ್ಟಿತು. ಒಂದು ಧಾರವಾಡದ ಕಡೆ, ಒಂದು ಮೈಸೂರಿನ ಕಡೆ. ಅವಳಿಗಳ ನಾಟಕಕ್ಕೆ ಅವಳಿ ಕನ್ನಡ ರೂಪ! ಎರಡಕ್ಕೂ ರಂಗಕ್ಕಿಂತ ಮೊದಲು ಓದುಗರು ಸಿಕ್ಕರು. ಓದುಗರೆಂದರೆ ಆ ಕಾಲಕ್ಕೆ ಕಂದೀಲಿನ ಮುಂದೆ ಕೂತು ಓದುವವನೊಬ್ಬ, ಸುತ್ತ ಕೂತು ಕೇಳುವವರು ಹತ್ತು ಮಂದಿ.

ಧಾರವಾಡದ ಪುಸ್ತಕ, ಮೈಸೂರಿನ ಪುಸ್ತಕ ಎಂದೆನಲ್ಲ, ಈ ಎರಡರ ನಡುವೆ ನಮ್ಮ ಕೊಪ್ಪಳ ಎಲ್ಲಿತ್ತು? ಕವಿರಾಜಮಾರ್ಗವು ಕನ್ನಡದ ತಿರುಳೆಂದು ಎತ್ತಿಹೇಳಿದ ನಾಡಿನ ನಾಲ್ಕು ಗುರುತುಗಳಲ್ಲಿ ಕೊಪಣ ಒಂದು. ಒಂಬತ್ತನೆಯ ಶತಮಾನದಲ್ಲಿ ತಿರುಳಾಗಿದ್ದ ಸೀಮೆ ಹತ್ತೊಂಬತ್ತನೆಯ ಶತಮಾನದಲ್ಲಿ ಅಂಚಾಗಿತ್ತು. ಕೊಪ್ಪಳ, ಯಲಬುರ್ಗಾ ಸಾಲಾರ್‌ಜಂಗ್ ನವಾಬರ ಜಹಗೀರು. ಒಟ್ಟಿನಲ್ಲಿ ನಾಲ್ಕೂ ತಾಲೂಕುಗಳು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿದವು. ಕಚೇರಿಯ ಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಪಡುವಲಿಗೆ ನಾಲ್ಕು ಹರದಾರಿ ನಡೆದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಆ ಕಡೆಯವರಿಗೆ ನಾವು ‘ಮೊಗಲಾಯಿಯವರು’. ಮಾತು ಒಂದೇ, ಉಣ್ಣುವ ರೊಟ್ಟಿ ಒಂದೇ, ಹೆಣ್ಣು ಕೊಟ್ಟು ತರುವ ಮನೆಗಳೂ ಅವೇ. ಆದರೆ ನಡುವೆ ಕರೋಡಗಿರಿಯ ನಾಕೆ, ಅಂದರೆ ಸುಂಕದ ಕಟ್ಟೆ. ನಮ್ಮದು ಹಾಲಿ ಸಿಕ್ಕಾ, ಅವರದು ಕಲ್ದಾರು. ಏಳು ಹಾಲಿಗೆ ಆರು ಕಲ್ದಾರು. ಒಂದೇ ತಾಯಿಯ ಮಕ್ಕಳು ಒಡೆದ ಹಡಗಿನಿಂದ ಬೇರೆ ಬೇರೆ ದಡಕ್ಕೆ ಬಿದ್ದಂತೆ ಕನ್ನಡಿಗರು ಹಲವು ಸರಕಾರಗಳಡಿ ಬೆಳೆದರು. ಒಬ್ಬರಿಗೊಬ್ಬರು ಎದುರಾದಾಗ ಗುರುತು ಸಿಕ್ಕಿತು ಎನ್ನುವುದಕ್ಕೂ ಸಿಗಲಿಲ್ಲ ಎನ್ನುವುದಕ್ಕೂ ಉದಾಹರಣೆಗಳುಂಟು. ಇಂಥ ನೆಲದಲ್ಲಿ ಈ ನಾಟಕವನ್ನು ಹೇಳಿದರೆ ಕೇಳುವವರ ಕಿವಿ ಎಲ್ಲಿ ನಿಲ್ಲುತ್ತದೆ?

ಮೊದಲು ಯಲಬುರ್ಗಾದ ಮಾತು. ಆ ಸೀಮೆ ನಾಟಕದ ಹುಚ್ಚಿನದು. ಕುಕನೂರಿನ ಜಾತ್ರೆಯಲ್ಲಿ ಪರಿಚಯವಾದ ಒಬ್ಬ ಹಿರಿಯರು ವೃತ್ತಿನಾಟಕ ಕಂಪನಿಗಳಲ್ಲಿ ಹಾಸ್ಯಪಾತ್ರ ಮಾಡಿ ಮುಪ್ಪಾದವರು. ಅವರಿಗೆ ಕಥೆ ಹೇಳಿ, ನನಗಿದ್ದ ಅನುಮಾನವನ್ನೂ ಮುಂದಿಟ್ಟೆ. ಒಂದೇ ರೂಪದ ಇಬ್ಬಿಬ್ಬರನ್ನು ಎಲ್ಲಿಂದ ತರುವುದು? ಅವರು ನಕ್ಕುಬಿಟ್ಟರು. “ರೂಪ ಯಾಕ ಬೇಕ್ರಿ ಮಾಸ್ತರ? ಇಬ್ಬರಿಗೂ ಒಂದ ನಮೂನಿ ಕೋಟು, ಒಂದ ನಮೂನಿ ಟೋಪಿಗಿ ಹಾಕ್ರಿ. ಒಬ್ಬಾಂವ ಉದ್ದ, ಒಬ್ಬಾಂವ ಗಿಡ್ಡ ಇದ್ರ ಮಂದಿ ಇನ್ನೂ ಜಾಸ್ತಿ ನಗತಾರ.” ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಹೇಳಿದರು: “ಆದ್ರ ಆ ಮುದುಕನ ಮಾತು ಮಾತ್ರ ಕತ್ತರಿಸಬ್ಯಾಡ್ರಿ. ಉದ್ದ ಆತು ಅಂತ ನಮ್ಮ ಮ್ಯಾನೇಜರು ಕತ್ತರಿಸತಿದ್ರು. ಮಂದಿಗೆ ಮೊದಲ ಗುಟ್ಟು ಹೇಳಬೇಕು. ಗುಟ್ಟು ಕೊಟ್ಟಾಂವ ಸಾಯಾಕ ಹೊಂಟಾನ ಅನ್ನೂದು ಒಳಗ ಇದ್ರನ ನಗು ಗಟ್ಟಿ ಬರತೈತಿ.”

ಕೋಲ್‌ರಿಜ್ ಹೇಳದೆ ಬಿಟ್ಟದ್ದನ್ನು ಕುಕನೂರಿನ ನಟರು ಹೇಳಿದರು. ಅವಳಿಗಳಿದ್ದಾರೆಂಬುದು ನಾಟಕದಲ್ಲಿ ಆ ಊರಿನವರು ಯಾರಿಗೂ ತಿಳಿಯದು. ನೋಡುವವರಿಗೆ ಮಾತ್ರ ಗೊತ್ತು. ಗೊತ್ತಾದದ್ದು ಮುದುಕನಿಂದ. ಅಂದರೆ ನಾವು ನಗುವ ಪ್ರತಿಯೊಂದು ನಗೆಯೂ ಆ ಕೈದಿಯ ಕೈಯಿಂದ ಪಡೆದ ಸಾಲ.

ಕುಷ್ಟಗಿಯಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದವರು ತಹಸೀಲು ಕಚೇರಿಯ ನಿವೃತ್ತ ಗುಮಾಸ್ತರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತು, ಉರ್ದುವಿನಲ್ಲಿ ದಫ್ತರ ಬರೆದು, ಆಮೇಲೆ ನಡುವಯಸ್ಸಿನಲ್ಲಿ ಕಚೇರಿಯ ಕನ್ನಡ ರೂಢಿಸಿಕೊಂಡವರು. ಮನೆಯಲ್ಲಿ ಆಡುತ್ತಿದ್ದ ಭಾಷೆಯನ್ನೇ ಕಚೇರಿಗಾಗಿ ಹೊಸದಾಗಿ ಕಲಿಯಬೇಕಾಯಿತೆಂದು ಅವರೇ ಹೇಳಿ ನಗುತ್ತಿದ್ದರು. ಸಾವಿರ ಮಾರ್ಕು ದಂಡವೆಂದೊಡನೆ ಅವರ ಮೊದಲ ಪ್ರಶ್ನೆ: “ಹಾಲಿಯೋ, ಕಲ್ದಾರೋ?” ಕಥೆ ಮುಗಿದ ಮೇಲೆ ಎರಡನೆಯದು ಬಂತು. ಮಗ ಮನೆ ಬಿಟ್ಟದ್ದು ಹದಿನೆಂಟಕ್ಕೆ, ಬಿಟ್ಟು ಏಳು ವರ್ಷವೆಂದು ಮುದುಕ ಕಡೆಯಲ್ಲಿ ಹೇಳುತ್ತಾನೆ, ಕೂಡಿಸಿದರೆ ಇಪ್ಪತ್ತೈದು. ತಾಯಿ ಮಾತ್ರ ಮೂವತ್ತಮೂರು ವರ್ಷದ ಬೇನೆ ಎನ್ನುತ್ತಾಳೆ. ಎಂಟು ವರ್ಷದ ಲೆಕ್ಕ ಎಲ್ಲಿ ಹೋಯಿತು? ನಾನು ದಂಗಾದೆ. ಹದಿನೆಂಟನೆಯ ಶತಮಾನದಲ್ಲಿ ಶೇಕ್ಸ್‌ಪಿಯರನನ್ನು ಸಂಪಾದಿಸಿದ ಥಿಯೊಬಾಲ್ಡ್ ಎಂಬ ಪಂಡಿತ ಇದೇ ಲೆಕ್ಕ ಹಿಡಿದು ಮೂವತ್ತಮೂರನ್ನು ಇಪ್ಪತ್ತೈದೆಂದು ತಿದ್ದಿದ್ದ. ಅದನ್ನು ಹೇಳಿದಾಗ ನಮ್ಮ ಗುಮಾಸ್ತರು ತಲೆಯಾಡಿಸಿದರು. “ತಿದ್ದಬಾರದಿತ್ತು. ಲೆಕ್ಕ ಇಟ್ಟಾಂವ ಅಪ್ಪ. ಅವ್ವಗ ವರ್ಷ ಯಾವಾಗಲೂ ಹೆಚ್ಚಿಗಿ ಆಗಿರತಾವು.”

ಅವರ ಮೂರನೆಯ ಮಾತು ಎಲ್ಲಕ್ಕಿಂತ ಹರಿತವಾದುದು. ಕಡೆಯಲ್ಲಿ ಅರಸು ದಂಡವನ್ನೂ ಬೇಡದೆ ಮುದುಕನನ್ನು ಬಿಡುತ್ತಾನೆ, ಎಲ್ಲರಿಗೂ ಸಂತೋಷ. ಗುಮಾಸ್ತರೆಂದರು: “ಒಬ್ಬಗ ಮಾಫಿ ಸಿಕ್ಕತು. ಹುಕುಮು ರದ್ದಾಗಲಿಲ್ಲ. ನಾಳೆ ಇನ್ನೊಬ್ಬ ಬಂದ್ರ?” ನಾನು ಮನೆಗೆ ಬಂದು ಐದನೆಯ ಅಂಕವನ್ನು ಮತ್ತೆ ಓದಿದೆ. ನಿಜ. ಹುಕುಮು ಹಾಗೆಯೇ ಇದೆ.

ಗಂಗಾವತಿಯ ಕಥೆ ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಆ ಸೀಮೆಯ ಬಣ್ಣವೇ ಬದಲಾಯಿತು. ಜೋಳದ ಹೊಲ ಬತ್ತದ ಗದ್ದೆಯಾಯಿತು. ಆಂಧ್ರದ ಕರಾವಳಿಯಿಂದ ಬಂದ ರೈತರು ನೆಲ ಕೊಂಡು ನೆಲಸಿದರು. ಅವರ ವಸತಿಗಳಿಗೆ ‘ಕ್ಯಾಂಪು’ ಎಂದು ಹೆಸರು. ಮೊದಮೊದಲು ಊರಿನವರಿಗೂ ಕ್ಯಾಂಪಿನವರಿಗೂ ಒಂದು ಬಗೆಯ ದೂರ. ನನ್ನ ತರಗತಿಯಲ್ಲಿ ಒಂದು ಕ್ಯಾಂಪಿನ ಹುಡುಗಿ ಇದ್ದಳು. ಅಲ್ಲಿಯೇ ಹುಟ್ಟಿದವಳು, ಕನ್ನಡ ಶಾಲೆಯಲ್ಲಿಯೇ ಕಲಿತವಳು. ಎಲ್ಲರೂ ಆಳುಗಳಿಗೆ ಬೀಳುವ ಪೆಟ್ಟು ಎಣಿಸಿ ನಗುತ್ತಿರುವಾಗ ಆಕೆ ಎದ್ದು ನಿಂತು ಕೇಳಿದಳು: “ಸರ್, ಇಬ್ಬರೂ ಒಂದೇ ತಾಯಿ-ತಂದಿ ಮಕ್ಕಳು. ಒಬ್ಬ ಊರಿನವ ಆದ, ಅರಸನ ಗೆಳೆಯ ಆದ. ಇನ್ನೊಬ್ಬ ಹೆಸರು ಹೇಳಿದರೆ ಸಾಯಬೇಕು. ಇದು ಹೇಗೆ?”

ತರಗತಿ ಸುಮ್ಮನಾಯಿತು. ನಾಟಕದಲ್ಲಿ ಅದಕ್ಕೆ ಉತ್ತರವಿಲ್ಲ, ಪ್ರಶ್ನೆಯಂತೂ ಇದೆ. ಎಫಿಸಸ್ಸಿನ ಆಂಟಿಫೊಲಸ್ ಯುದ್ಧದಲ್ಲಿ ಅರಸನ ಪ್ರಾಣ ಉಳಿಸಿದವನು, ಊರಿನ ಮರ್ಯಾದಸ್ಥ. ಆದರೂ ಅವನ ರಕ್ತ ಸಿರಕ್ಯೂಸಿನದು. ಅದು ಯಾರಿಗೂ ತಿಳಿಯದೆ ಇದ್ದುದರಿಂದ ಅವನು ಊರಿನವನಾಗಿದ್ದ. ನಾಟಕದ ದೊಡ್ಡ ತಪ್ಪು ಗುರುತು ಅವಳಿಗಳದಲ್ಲ, ‘ನಮ್ಮವ’ ‘ಹೊರಗಿನವ’ ಎಂಬುದರದು. ಅದು ನನಗೆ ಹೊಳೆದದ್ದು ಆ ದಿನ. ಹೊಳೆಯಿಸಿದವಳಿಗೆ ಆಗ ಹದಿನೇಳು ವರ್ಷ.

ಇನ್ನು ಕೊಪ್ಪಳ. ಇದು ನನ್ನ ಮನೆಯ ಮಾತಾದ್ದರಿಂದ ಕಡೆಗೆ ಇಟ್ಟುಕೊಂಡಿದ್ದೆ. ಕಾಲದಲ್ಲಿ ಎಲ್ಲಕ್ಕೂ ಮೊದಲನೆಯದು. 1966ರಲ್ಲಿ ನಾನು ಗದಗಿನಲ್ಲಿ ಬಿ.ಎ. ಓದುತ್ತಿದ್ದೆ. ಈ ನಾಟಕ ನಮಗೆ ಪಠ್ಯ. ದೀಪಾವಳಿಯ ಸೂಟಿಗೆ ಕೊಪ್ಪಳ ತಾಲೂಕಿನ ನಮ್ಮೂರಿಗೆ ಬಂದವನು, ರಾತ್ರಿ ಪಡಸಾಲೆಯಲ್ಲಿ ಮನೆಮಂದಿಗೆಲ್ಲ ಕಥೆ ಹೇಳತೊಡಗಿದೆ. ನಮ್ಮ ಕಡೆ ಅಜ್ಜಿಗೆ ‘ಅಮ್ಮ’ ಎನ್ನುವುದು ರೂಢಿ. ಅಮ್ಮ ಶೇಂಗಾ ಸುಲಿಯುತ್ತ ಕೂತಿದ್ದಳು. ಓದು ಬಾರದ ಹೆಂಗಸು. ಆದರೆ ಬಯಲಾಟ, ಪಾರಿಜಾತ, ಪುರಾಣ ಯಾವುದನ್ನೂ ಬಿಡದೆ ಕೇಳಿದವಳು. ಮುದುಕನ ಕಥೆಯನ್ನು ಎರಡೇ ಮಾತಿನಲ್ಲಿ ಮುಗಿಸಿ ನಾನು ನಗೆಯ ಕಡೆ ಓಡಿದೆ. ಚಿಕ್ಕಪ್ಪ ನಕ್ಕ, ಅತ್ತೆ ಕಣ್ಣೀರು ಬರುವಂತೆ ನಕ್ಕಳು. ಮಕ್ಕಳು ಒಬ್ಬರಿಗೊಬ್ಬರು ಗುದ್ದಿ ಆಳುಗಳ ಆಟ ಆಡಿದವು. ಅಮ್ಮ ಮಾತ್ರ ನಡುನಡುವೆ ಕೇಳುತ್ತಲೇ ಇದ್ದಳು: “ಅಲ್ಲೋ ತಮ್ಮಾ, ಆ ಮುದುಕ ಏನಾದ?”

“ಅವ ಕಡೀಕ ಬರತಾನ ಅಮ್ಮಾ, ತಡಿ.”

“ಹೊತ್ತು ಮುಣುಗಾಕ ಎಷ್ಟು ಐತಿ?”

ನಾನು ಗಡಿಯಾರ ನೋಡಿಕೊಂಡು ಕಥೆ ಹೇಳಿದವನಲ್ಲ. ಆದರೆ ನಾಟಕದೊಳಗೆ ಗಡಿಯಾರವಿದೆ. ಮಧ್ಯಾಹ್ನದ ಊಟ, ಎರಡು ಗಂಟೆ, ಐದು ಗಂಟೆ ಎಂದು ಮಾತು ಮಾತಿಗೆ ಹೊತ್ತಿನ ಲೆಕ್ಕ. ಎಲ್ಲರೂ ಊಟದ ಹೊತ್ತು ಮೀರಿತೆಂದು ಜಗಳಾಡುತ್ತಿರುತ್ತಾರೆ. ಆ ಹೊತ್ತೇ ಒಬ್ಬನ ಆಯುಷ್ಯದ ಹೊತ್ತೂ ಆಗಿರುತ್ತದೆ. ಅಮ್ಮ ಆ ಗಡಿಯಾರವನ್ನು ಕೇಳಿಸಿಕೊಳ್ಳುತ್ತಿದ್ದಳು.

ಆಮೇಲೆ ಒಂದು ಸಣ್ಣ ಸಂಗತಿ ಹೇಳಿದೆ. ಕಿರಿಯ ಮಗ ಎಫಿಸಸ್ಸಿಗೆ ಬಂದಿಳಿದಾಗ ಒಬ್ಬ ವ್ಯಾಪಾರಿ ಅವನಿಗೆ ಎಚ್ಚರಿಕೆ ಕೊಡುತ್ತಾನೆ. ನಿನ್ನ ಊರಿನ ಹೆಸರು ಹೇಳಬೇಡ, ಬೇರೆ ಊರಿನ ಹೆಸರು ಹೇಳು. ಸಿರಕ್ಯೂಸಿನ ವರ್ತಕನೊಬ್ಬ ಇವತ್ತೇ ಸಿಕ್ಕಿಬಿದ್ದಿದ್ದಾನೆ, ದಂಡ ಕೊಡಲಾರದೆ ಸಂಜೆಗೆ ಸಾಯುತ್ತಾನೆ. ಮಗ ಕೇಳಿಸಿಕೊಳ್ಳುತ್ತಾನೆ. ತನ್ನ ಹಣದ ಚೀಲವನ್ನು ಆಳಿನ ಕೈಗೆ ಕೊಟ್ಟು ಊರು ನೋಡಲು ಹೋಗುತ್ತಾನೆ. ಆ ಚೀಲದಲ್ಲಿ ಸಾವಿರ ಮಾರ್ಕು ಇದೆ.

ಅಮ್ಮನ ಕೈ ನಿಂತಿತು. “ಯಾರು ಏನು ಅಂತ ಕೇಳಲಿಲ್ಲೇನವ?”

“ಇಲ್ಲ ಅಮ್ಮಾ.”

“ತನ್ನೂರಾಂವ ಅಂದಮ್ಯಾಗೂ ಕೇಳಲಿಲ್ಲ?”

“ಕೇಳಿದ್ರ ಕಥಿ ಅಲ್ಲೇ ಮುಗೀತಿತ್ತಲ್ಲ” ಎಂದು ಚಿಕ್ಕಪ್ಪ ಹಾಸ್ಯ ಮಾಡಿದ. ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ಕಡೆಗೆ ಗುಡಿಯ ಒಡತಿಯೇ ತಾಯಿಯೆಂದು ತಿಳಿದು, ಅಪ್ಪ-ಮಕ್ಕಳು ಕೂಡಿ, ಮುದುಕ ಬದುಕಿದ ಎಂದಾಗ ಆಕೆ ಉಸಿರುಬಿಟ್ಟು, “ನಾಟಕದಾಗರ ಬಂದ್ನಲ್ಲ, ಚಲೋ ಆತು” ಎಂದು ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋದಳು.

ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ. ಮರುದಿನ ಆಕೆಯೇ ಹೇಳಿದಳು. 1948ರ ಬೇಸಗೆ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ತುಂಬುತ್ತ ಬಂದಿದ್ದರೂ ನಮ್ಮ ಸೀಮೆಗೆ ಬಂದಿರಲಿಲ್ಲ. ಗಡಿಯ ಆಚೆ ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಹೋರಾಟಗಾರರ ಶಿಬಿರ ನಡೆದಿತ್ತು. ಈಚೆ ಭಯ. ಊರಿಗೆ ಊರೇ ರಾತ್ರಿ ಬಂಡಿ ಹೂಡಿ ಗಡಿ ದಾಟುತ್ತಿದ್ದ ಕಾಲ. ನಾನು ಆಗ ಹತ್ತು ತಿಂಗಳ ಕೂಸು. ದಾರಿಯಲ್ಲಿ ಯಾರಾದರೂ ತಡೆದು ಕೇಳಿದರೆ ನಮ್ಮೂರಿನ ಹೆಸರು ಹೇಳಬಾರದು, ಬೇರೆ ಊರಿನ ಹೆಸರು ಹೇಳಬೇಕೆಂದು ಬಂಡಿಯಲ್ಲಿದ್ದ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿದ್ದರಂತೆ. ಅಮ್ಮನ ಅಣ್ಣ ದನ ಕಾಳು ನೋಡಿಕೊಳ್ಳಲು ಹಿಂದೆ ಉಳಿದ. ಎರಡು ದಿನದಲ್ಲಿ ಬರುತ್ತೇನೆಂದಿದ್ದ. ಬರಲಿಲ್ಲ.

“ನಾಲ್ಕನೇ ದಿನ ಬಾವಿಕಟ್ಟಿಮ್ಯಾಗ ಹೆಣ್ಣಮಕ್ಕಳು ಮಾತಾಡತಿದ್ರು. ಗಡಿಕಡೆ ಯಾರೋ ನಮ್ಮ ಕಡ್ಯಾಂವ ಸಿಕ್ಕಬಿದ್ದಾನಂತ. ನಾ ಕೊಡ ತುಂಬಿಕೊಂಡು ಬಂದೆ. ಯಾರು ಅಂತ ನಾನೂ ಕೇಳಲಿಲ್ಲ ತಮ್ಮಾ. ಕೇಳಿದ್ರ ಎಲ್ಲಿ ನಮ್ಮಣ್ಣನ ಹೆಸರು ಬರತೈತೇನೋ ಅಂತ ಅಂಜಿಕಿ.”

ಸಿಕ್ಕಿದವನು ಅವನೇ ಆಗಿದ್ದನೋ, ಇನ್ನು ಯಾರಾದರೂ ಇದ್ದರೋ, ಅವನಿಗೆ ಏನಾಯಿತೋ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಸಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. ಬಂಡಿಗಳು ತಿರುಗಿ ಬಂದವು. ದನಗಳು ಕೆಲವು ಸಿಕ್ಕವು. ಎಂಟು ವರ್ಷದ ಮೇಲೆ, 1956ರ ನವೆಂಬರ್ 1ರಂದು, ಆ ಗಡಿಯೇ ಅಳಿಸಿಹೋಯಿತು. ಗದಗ, ಬಳ್ಳಾರಿ, ಕೊಪ್ಪಳ ಎಲ್ಲ ಒಂದೇ ರಾಜ್ಯ. 1997ರಲ್ಲಿ ಕೊಪ್ಪಳ ತಾನೇ ಒಂದು ಜಿಲ್ಲೆಯಾಯಿತು. ಈಗ ಗದಗಿಗೆ ಹೋಗುವವನಿಗೆ ನಾಕೆ ಎಲ್ಲಿತ್ತೆಂದು ತೋರಿಸುವವರೂ ಸಿಗರು.

ನಾಟಕ ಮಾತ್ರ ನಿಂತಿಲ್ಲ. 1982ರಲ್ಲಿ ಗುಲ್ಜಾರರು ಹಿಂದಿಯಲ್ಲಿ ‘ಅಂಗೂರ್’ ತೆಗೆದರು. 1997ರಲ್ಲಿ, ಅಂದರೆ ಕೊಪ್ಪಳ ಜಿಲ್ಲೆಯಾದ ವರ್ಷವೇ, ಎನ್. ಎಸ್. ಶಂಕರ್ ಅವರ ‘ಉಲ್ಟಾ ಪಲ್ಟಾ’ ಕನ್ನಡದಲ್ಲಿ ಬಂದು ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿತು. ಡೆಪ್ಯೂಟಿ ಚನ್ನಬಸಪ್ಪನವರ ಪುಸ್ತಕದ ಹೆಸರಿನ ಪಂಥವನ್ನು ನೂರಿಪ್ಪತ್ತಾರು ವರ್ಷಗಳ ಮೇಲೂ ಈ ಕಥೆ ಗೆಲ್ಲುತ್ತಿದೆ. ‘ಅಂಗೂರ್’ದಲ್ಲಿ ಮರಣದಂಡನೆಯ ಚೌಕಟ್ಟಿಲ್ಲ; ಅದಿಲ್ಲದೆಯೂ ಕಥೆ ನಗಿಸುತ್ತದೆ, ಚೆನ್ನಾಗಿಯೇ ನಗಿಸುತ್ತದೆ. ನಾನೂ ನಕ್ಕಿದ್ದೇನೆ. ಆದರೆ ಚಿತ್ರ ಮುಗಿದು ದೀಪ ಹತ್ತಿದಾಗ ಏನೋ ಮರೆತು ಬಂದಂತಾಯಿತು. ಸಾಲವನ್ನು ತೀರಿಸದೆ ಎದ್ದುಬಂದವನ ಹಾಗೆ.

ನಗೆಯ ಮೇಲೆ ನನಗೆ ಮುನಿಸಿಲ್ಲ. ನಗದವರನ್ನು ನಗಿಸುವುದು ಪುಣ್ಯದ ಕೆಲಸ. ಶಾಲೆ ಕಟ್ಟಿದ ಆ ಡೆಪ್ಯೂಟಿಯವರು ಅದನ್ನು ಅರಿತಿದ್ದರು. ನಾಟಕ ಬರೆದವನಿಗೂ ನಗಿಸುವುದೇ ಬೇಕಾಗಿತ್ತು. ಆದರೂ ಪ್ಲಾಟಸ್ಸಿನಲ್ಲಿ ಇಲ್ಲದ ಈ ಮುದಿ ಕೈದಿಯನ್ನು ಅವನು ತಂದು ಬಾಗಿಲಲ್ಲಿ ನಿಲ್ಲಿಸಿದ. ಸುಮ್ಮನೆ ನಿಲ್ಲಿಸಿರಲಾರ. ಒಳಗೆ ನಗೆ ನಡೆದಿರುವಾಗ ಹೊರಗೆ ಒಬ್ಬನ ಹೊತ್ತು ಮುಳುಗುತ್ತಿದೆಯೆಂದು ನೆನಪಿಟ್ಟುಕೊಳ್ಳುವ ಓದುಗನಿಗಾಗಿ ಅವನು ಕಾಯುತ್ತಿದ್ದನೋ ಏನೋ. ನಾನು ಕಂಡಂತೆ ಆ ಓದುಗ ಸಿಕ್ಕಿದ್ದು ಕೊಪ್ಪಳದ ಒಂದು ಹಳ್ಳಿಯ ಪಡಸಾಲೆಯಲ್ಲಿ, ಅಕ್ಷರ ಬಾರದ ಒಬ್ಬ ಮುದುಕಿಯಲ್ಲಿ.

ಅಂದಿನಿಂದ ತರಗತಿಯಲ್ಲಿ ಈ ನಾಟಕ ಹೇಳುವಾಗಲೆಲ್ಲ ಮೊದಲ ಅಂಕದ ಎರಡನೆಯ ದೃಶ್ಯಕ್ಕೆ ಬಂದಾಗ ನಾನು ಪುಸ್ತಕ ಕೆಳಗಿಡುತ್ತಿದ್ದೆ. ವ್ಯಾಪಾರಿ ಸುದ್ದಿ ಹೇಳಿದ, ಮಗ ಕೇಳಿಸಿಕೊಂಡ. ಈಗ ಅವನು ಏನು ಕೇಳಬೇಕಾಗಿತ್ತು? ಎಂದು ಹುಡುಗರನ್ನ ಕೇಳುತ್ತಿದ್ದೆ. ಪ್ರತಿವರ್ಷ ಯಾರಾದರೊಬ್ಬರು ಸರಿಯಾದ ಉತ್ತರ ಹೇಳುತ್ತಿದ್ದರು. ಹೇಳಿದ ಮೇಲೆ ಪುಸ್ತಕ ಎತ್ತಿಕೊಂಡು ಮುಂದಿನ ನಗೆಗೆ ಹೋಗುತ್ತಿದ್ದೆವು.